ಒಂದೇ ಜಾಡಿಯಲ್ಲಿ ಬೆರೆತುಹೋದ ಕಡಲಗಾಜನ್ನು ವಿಂಗಡಿಸುವುದು ಹೇಗೆ?

ತೆರೆಸಾಲು:

ಎಲ್ಲ ಸದಸ್ಯರಿಗೂ ನಮಸ್ಕಾರ. ಸಮುದ್ರದಂಡೆಗೆ ಹೋದಾಗಲೆಲ್ಲ ಅಲೆಗಳು ಉಜ್ಜಿ ನುಣುಪು ಮಾಡಿದ ಗಾಜಿನ ಚೂರುಗಳನ್ನು ಆರಿಸಿ ತರುವುದು ಒಂಬತ್ತು ವರ್ಷಗಳಿಂದ ನನಗೆ ರೂಢಿಯಾಗಿದೆ. ಸೀ ಗ್ಲಾಸ್ ಎಂದು ಎಲ್ಲರೂ ಹೇಳುವ ಇದನ್ನು ನಾನು ಇಲ್ಲಿ ಕಡಲಗಾಜು ಎಂದೇ ಬರೆಯುತ್ತೇನೆ. ಇಷ್ಟು ವರ್ಷ ನಾನು ಮಾಡಿದ ದೊಡ್ಡ ತಪ್ಪೆಂದರೆ, ಬೇರೆ ಬೇರೆ ದಂಡೆಗಳಲ್ಲಿ ಸಿಕ್ಕಿದ್ದನ್ನೆಲ್ಲ ಒಂದೇ ಗಾಜಿನ ಜಾಡಿಗೆ ಸುರಿಯುತ್ತ ಬಂದದ್ದು. ಮೊನ್ನೆ ಅದನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಎಣಿಸಿದಾಗ ನಾನೂರ ಹನ್ನೆರಡು ಚೂರುಗಳಿದ್ದವು. ಯಾವುದು ಎಲ್ಲಿ, ಯಾವಾಗ ಸಿಕ್ಕಿತು ಎಂಬುದು ಹತ್ತಿಪ್ಪತ್ತನ್ನು ಬಿಟ್ಟರೆ ಒಂದಕ್ಕೂ ನೆನಪಿಲ್ಲ.

ಈಗ ಅವುಗಳನ್ನು ಕ್ರಮವಾಗಿ ವಿಂಗಡಿಸಬೇಕೆಂದು ಕುಳಿತಿದ್ದೇನೆ. ಬಿಳಿ (ಅಂದರೆ ಬಣ್ಣವಿಲ್ಲದ್ದು), ಹಸಿರು, ಕಂದು ಎಂದು ಬಣ್ಣದಿಂದ ಬೇರ್ಪಡಿಸುವುದು ಸುಲಭವಾಯಿತು. ಆದರೆ ಕೆಲವು ಚೂರುಗಳು ನನ್ನನ್ನು ತಡೆದು ನಿಲ್ಲಿಸಿವೆ. ಏಳು ಚೂರುಗಳು ಕಲ್ಲಿನಂತೆ ಕಪ್ಪಾಗಿದ್ದು, ಅವು ಗಾಜೇ ಹೌದೋ ಅಲ್ಲವೋ ಎಂದು ಹೇಳಲಾರೆ. ಮೂರು ಚೂರುಗಳಲ್ಲಿ ತೀರ ತೆಳುವಾದ ನೇರಳೆ ಛಾಯೆ ಇದೆ. ಇನ್ನು ಇಪ್ಪತ್ತಾರು ಚೂರುಗಳನ್ನು ನನ್ನ ಹವ್ಯಾಸ ತಿಳಿದ ಸ್ನೇಹಿತರೊಬ್ಬರು ಚೀಲದಲ್ಲಿ ಉಡುಗೊರೆಯಾಗಿ ಕೊಟ್ಟಿದ್ದರು. ಅವೂ ಜಾಡಿಯೊಳಗೆ ಸೇರಿಹೋಗಿವೆ, ಮತ್ತು ಅವು ನಿಜವಾಗಿ ಸಮುದ್ರದಿಂದ ಬಂದವೇ ಎಂಬ ಅನುಮಾನ ನನಗೆ ಮೊದಲಿನಿಂದಲೂ ಇದೆ. ಇವುಗಳನ್ನು ಗುರುತಿಸುವ ಬಗೆಯನ್ನು ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕು.

ಬೆಣಚುಕಲ್ಲು:

ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಕಂಡುಕೊಂಡರೆ ಕಡಲಗಾಜು ಎಂದರೇನು ಎಂಬುದೂ ತಿಳಿದಂತಾಗುತ್ತದೆ.

ಬಾಟಲಿಯ ಗಾಜು ಬಹುಪಾಲು ಮರಳಿನ ಸಿಲಿಕಾ, ಅದರ ಜೊತೆಗೆ ಸೋಡಾ ಮತ್ತು ಸುಣ್ಣ. ಸರಿಸುಮಾರು ನೂರಕ್ಕೆ 70ಕ್ಕೂ ಹೆಚ್ಚು ಪಾಲು ಸಿಲಿಕಾ ಇರುತ್ತದೆ. ಸಿಲಿಕಾವನ್ನು ಕಡಿಮೆ ಶಾಖದಲ್ಲಿ ಕರಗಿಸಲೆಂದು ಸೋಡಾ ಬೆರೆಸುತ್ತಾರೆ. ಸೋಡಾ ಬೆರೆತ ಗಾಜು ನೀರಿನಲ್ಲಿ ಕರಗದಿರಲಿ ಎಂದು ಸುಣ್ಣವನ್ನು ಸೇರಿಸುತ್ತಾರೆ. ಇಂಥ ಗಾಜು ಒಡೆದು ಸಮುದ್ರಕ್ಕೆ ಬಿದ್ದಾಗ ಎರಡು ಕೆಲಸಗಳು ಜೊತೆಜೊತೆಗೆ ನಡೆಯುತ್ತವೆ. ಮೊದಲನೆಯದು ಕಣ್ಣಿಗೆ ಕಾಣುವ ಸವೆತ: ತೆರೆಗಳು ಚೂರನ್ನು ಉರುಟುಕಲ್ಲುಗಳ ನಡುವೆ ಹೊರಳಿಸುತ್ತವೆ, ಗಾಜಿಗಿಂತ ಗಟ್ಟಿಯಾದ ಬೆಣಚುಕಲ್ಲಿನ ಹರಳುಗಳು ಅದರ ಅಂಚುಗಳನ್ನು ತಿಂದುಹಾಕುತ್ತವೆ. ಎರಡನೆಯದು ನಿಧಾನವಾದ ರಾಸಾಯನಿಕ ಕ್ರಿಯೆ: ಬಹುಕಾಲ ನೀರಿನಲ್ಲಿದ್ದ ಗಾಜಿನ ಮೇಲ್ಮೈಯಿಂದ ಸೋಡಾ ಮತ್ತು ಸುಣ್ಣದ ಅಂಶ ಸ್ವಲ್ಪಸ್ವಲ್ಪವಾಗಿ ಸೋರಿಹೋಗಿ, ಅಲ್ಲಿ ಅತಿ ಸಣ್ಣ ಕುಳಿಗಳು ಉಳಿಯುತ್ತವೆ. ನಾವು ಮೆಚ್ಚುವ ಆ ಮಂಜು ಮುಸುಕಿದ ನೋಟ ಸವೆತ ಮತ್ತು ಸೋರಿಕೆ ಎರಡೂ ಕೂಡಿದಾಗ ಬರುವಂಥದ್ದು. ಸಿಹಿನೀರಿನ ದೊಡ್ಡ ಸರೋವರಗಳ ದಂಡೆಯಲ್ಲಿ ಸಿಗುವ ಗಾಜಿನ ಅಂಚುಗಳು ನುಣುಪಾಗಿದ್ದರೂ ಮೇಲ್ಮೈ ಅಷ್ಟೊಂದು ಮಸುಕಾಗಿರುವುದಿಲ್ಲ ಎಂಬುದನ್ನು ಎರಡನ್ನೂ ಪಕ್ಕದಲ್ಲಿಟ್ಟು ನೋಡಿದವರು ಬಲ್ಲರು.

ಈಗ ಉಡುಗೊರೆಯ ಚೀಲದ ಮಾತು. ಯಂತ್ರದ ಪೀಪಾಯಿಯಲ್ಲಿ ಗಾಜನ್ನು ಪುಡಿಯೊಂದಿಗೆ ತಿರುಗಿಸಿ, ಅಥವಾ ಆಮ್ಲದಲ್ಲಿ ಅದ್ದಿ, ಕೆಲವೇ ದಿನಗಳಲ್ಲಿ ಇದೇ ನೋಟವನ್ನು ತರಬಹುದು. ಆದರೆ ಅಂಥ ಗಾಜು ಎಲ್ಲ ಕಡೆಯೂ ಒಂದೇ ಸಮನಾಗಿ, ರೇಷ್ಮೆಯ ಹಾಗೆ ನಯವಾಗಿರುತ್ತದೆ. ಒಂದು ಒಳ್ಳೆಯ ಭೂತಗನ್ನಡಿ ಹಿಡಿದು ನೋಡಿ. ಬಹುಕಾಲ ಸಮುದ್ರದಲ್ಲಿ ಹೊರಳಿದ ಚೂರಿನ ಮೇಲೆ ಉಗುರಿನಿಂದ ಒತ್ತಿದ ಗುರುತಿನಂಥ, ಅರ್ಧಚಂದ್ರಾಕಾರದ ಸಣ್ಣ ಸಣ್ಣ ಗಾಯಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಕಲ್ಲಿಗೆ ಬಡಿದ ಪ್ರತಿಯೊಂದು ಪೆಟ್ಟೂ ಅಲ್ಲಿ ಉಳಿದಿರುತ್ತದೆ. ಒಂದು ಮಗ್ಗುಲು ಹೆಚ್ಚು ಸವೆದು ಇನ್ನೊಂದು ಕಡಿಮೆ ಸವೆದಿರುವುದೂ ಸಾಮಾನ್ಯ. ಇಪ್ಪತ್ತಾರೂ ಚೂರುಗಳು ಒಂದೇ ದಪ್ಪ, ಒಂದೇ ಅಳತೆ, ಒಂದೇ ಬಗೆಯ ನಯದಿಂದ ಕೂಡಿದ್ದರೆ ಅವು ಸಮುದ್ರವನ್ನು ಕಂಡಿಲ್ಲವೆಂದೇ ತಿಳಿಯಬಹುದು.

ನಸುಕಿನ ಇಳಿತ:

ಬೆಣಚುಕಲ್ಲು ಅವರ ವಿವರಣೆಗೆ ಒಂದು ಮಾತು ಸೇರಿಸುತ್ತೇನೆ. ಕಡಲಗಾಜಾಗಲು ಇಪ್ಪತ್ತರಿಂದ ನಲವತ್ತು ವರ್ಷ ಬೇಕೆಂದು ಎಲ್ಲ ಕಡೆ ಬರೆದಿರುತ್ತದೆ. ಆ ಲೆಕ್ಕವನ್ನು ನಂಬಿ ಚೂರಿನ ವಯಸ್ಸನ್ನು ಹೇಳಲು ಹೋಗಬೇಡಿ. ತೆರೆ ಬಲವಾಗಿ ಬಡಿಯುವ, ಉರುಟುಕಲ್ಲು ತುಂಬಿದ ದಂಡೆಯಲ್ಲಿ ಗಾಜು ಬೇಗ ಸವೆಯುತ್ತದೆ. ಶಾಂತವಾದ ಕೊಲ್ಲಿಯ ಕೆಸರಿನಲ್ಲಿ ಹೂತುಹೋದ ಬಾಟಲಿ ನೂರು ವರ್ಷ ಕಳೆದರೂ ಅಂಚು ಹರಿತವಾಗಿಯೇ ಉಳಿಯಬಹುದು. ಸವೆತವು ಗಾಜು ಎಷ್ಟು ಹೊರಳಾಡಿತೆಂಬುದನ್ನು ಹೇಳುತ್ತದೆ, ಎಷ್ಟು ವರ್ಷ ಕಳೆಯಿತೆಂಬುದನ್ನು ಹೇಳುವುದಿಲ್ಲ. ವಯಸ್ಸು ತಿಳಿಯಬೇಕಾದರೆ ಗಾಜಿನ ಬಣ್ಣ, ದಪ್ಪ, ಆಕಾರ ಮತ್ತು ಅಕ್ಷರಗಳನ್ನು ನೋಡಬೇಕು.

ಹಳೆಬಾಟಲಿ:

ತೆರೆಸಾಲು ಅವರೇ, ಆ ಏಳು ಕಪ್ಪು ಚೂರುಗಳನ್ನು ಯಾವ ಕಾರಣಕ್ಕೂ ಎಸೆಯಬೇಡಿ. ನಿಮ್ಮ ಜಾಡಿಯಲ್ಲಿರುವುದರಲ್ಲೇ ಅತಿ ಹಳೆಯ ಗಾಜು ಅವುಗಳಲ್ಲಿ ಇರಬಹುದು. ಕತ್ತಲ ಕೋಣೆಯಲ್ಲಿ ಪ್ರಬಲವಾದ ಟಾರ್ಚಿನ ಮುಖಕ್ಕೆ ಒಂದೊಂದನ್ನೇ ಒತ್ತಿ ಹಿಡಿದು ಅಂಚಿನ ಕಡೆ ನೋಡಿ. ಕಲ್ಲಾದರೆ ಬೆಳಕು ದಾಟುವುದಿಲ್ಲ. ಹಳೆಯ ಕಪ್ಪು ಗಾಜಾದರೆ ಅಂಚಿನಲ್ಲಿ ಕಡುಹಸಿರು ಅಥವಾ ಕಂದು ಹೊಳೆಯುತ್ತದೆ. ಹೆಸರು ಕಪ್ಪು ಗಾಜೆಂದಾದರೂ ಅದು ನಿಜದಲ್ಲಿ ಕಬ್ಬಿಣದ ಅಂಶ ಹೆಚ್ಚಾಗಿ ಕಪ್ಪೆನ್ನುವಷ್ಟು ಗಾಢವಾದ ಹಸಿರು ಅಥವಾ ಕಂದು ಗಾಜು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಕಲ್ಲಿದ್ದಲಿನ ಕುಲುಮೆಗಳಲ್ಲಿ ಇಂಥ ದಪ್ಪ, ಗಟ್ಟಿ ಬಾಟಲಿಗಳನ್ನು ತಯಾರಿಸಲು ಆರಂಭಿಸಿದರು. ಮದ್ಯವನ್ನು ಹಡಗಿನಲ್ಲಿ ದೂರ ಸಾಗಿಸುವಾಗ ಒಡೆಯದಂತೆಯೂ ಬೆಳಕಿನಿಂದ ಕೆಡದಂತೆಯೂ ಅವು ಕಾಪಾಡುತ್ತಿದ್ದವು. ಆದ್ದರಿಂದಲೇ ಹಡಗುಗಳು ಓಡಾಡಿದ ಕಡೆಯಲ್ಲೆಲ್ಲ ಅವುಗಳ ಚೂರುಗಳು ಸಿಗುತ್ತವೆ. ಹತ್ತೊಂಬತ್ತನೆಯ ಶತಮಾನದಲ್ಲೂ ಅವುಗಳ ತಯಾರಿಕೆ ನಡೆದಿತ್ತಾದ್ದರಿಂದ, ಕಪ್ಪಗಿದೆ ಎಂಬ ಒಂದೇ ಕಾರಣಕ್ಕೆ ಮುನ್ನೂರು ವರ್ಷ ಹಳೆಯದೆಂದು ತೀರ್ಮಾನಿಸಬಾರದು. ಚೂರಿನೊಳಗೆ ಗಾಳಿಗುಳ್ಳೆಗಳಿದ್ದರೆ, ದಪ್ಪ ಒಂದು ಕಡೆ ಹೆಚ್ಚು ಇನ್ನೊಂದು ಕಡೆ ಕಡಿಮೆ ಇದ್ದರೆ, ಕೈಯಿಂದ ಊದಿದ ಬಾಟಲಿಯೆಂದು ಊಹಿಸಲು ಆಧಾರ ಸಿಗುತ್ತದೆ.

ತೆಳು ನೇರಳೆಯ ಕಥೆ ಇನ್ನೂ ಸೊಗಸಾದದ್ದು. ಮರಳಿನಲ್ಲಿ ಸಹಜವಾಗಿಯೇ ಇರುವ ಕಬ್ಬಿಣದಿಂದ ಗಾಜಿಗೆ ಹಸಿರು ಛಾಯೆ ಬರುತ್ತದೆ. ಅದನ್ನು ಕಳೆದು ಬಿಳಿಯ ಗಾಜು ಮಾಡಲು ತಯಾರಕರು ಮ್ಯಾಂಗನೀಸ್ ಡೈಆಕ್ಸೈಡ್ ಬೆರೆಸುತ್ತಿದ್ದರು. ಅಂಥ ಗಾಜು ಬಹುಕಾಲ ಬಿಸಿಲಿಗೆ ಮೈಯೊಡ್ಡಿದಾಗ ಸೂರ್ಯನ ನೇರಳಾತೀತ ಕಿರಣಗಳಿಂದ ಮ್ಯಾಂಗನೀಸಿನ ಸ್ಥಿತಿ ಬದಲಾಗಿ ಗಾಜು ನಸುನೇರಳೆಗೆ ತಿರುಗುತ್ತದೆ. ಎಂದರೆ ನೀವು ಆರಿಸಿದ ಆ ಚೂರು ಹುಟ್ಟುವಾಗ ಬಿಳಿಯದಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ 1910ರ ದಶಕದವರೆಗೆ ಅಮೆರಿಕದ ಬಾಟಲಿಗಳಲ್ಲಿ ಈ ಪದ್ಧತಿ ತುಂಬ ಪ್ರಚಲಿತವಾಗಿತ್ತು. ಆಮೇಲೆ ಸೆಲೆನಿಯಂ ಅದರ ಜಾಗವನ್ನು ಹಿಡಿಯಿತು. ಸೆಲೆನಿಯಂ ಬೆರೆತ ಗಾಜು ಬಿಸಿಲಿಗೆ ಹುಲ್ಲಿನ ಬಣ್ಣಕ್ಕೆ, ಅಂದರೆ ತೀರ ತೆಳುವಾದ ಹಳದಿಗೆ ತಿರುಗುತ್ತದೆ. ನಿಮ್ಮ ಬಿಳಿಯ ರಾಶಿಯನ್ನು ಬಿಳಿ ಕಾಗದದ ಮೇಲೆ ಹಗಲು ಬೆಳಕಿನಲ್ಲಿ ಮತ್ತೊಮ್ಮೆ ನೋಡಿದರೆ ಅಂಥವೂ ಸಿಕ್ಕಾವು.

ಬಾಟಲಿಯ ಕಂಠ ಅಥವಾ ತಳದ ತುಂಡುಗಳಿದ್ದರೆ ಅವುಗಳನ್ನು ಪ್ರತ್ಯೇಕವಾಗಿಡಿ. ಪಕ್ಕದ ಗೋಡೆಯ ಚೂರಿಗಿಂತ ಅವು ಬಹಳ ಹೆಚ್ಚು ಮಾತನಾಡುತ್ತವೆ. ಅಚ್ಚಿನ ಎರಡು ಭಾಗಗಳು ಸೇರುವಲ್ಲಿ ಮೂಡುವ ಉಬ್ಬುಗೆರೆ ಬಾಯಿಯ ತುದಿಯವರೆಗೂ ಹತ್ತಿದ್ದರೆ ಆ ಬಾಟಲಿ ಸಾಮಾನ್ಯವಾಗಿ ಯಂತ್ರದಿಂದ ತಯಾರಾದದ್ದು. ಮೈಕೆಲ್ ಓವೆನ್ಸ್ ಅವರು ಪೂರ್ತಿ ಸ್ವಯಂಚಾಲಿತ ಬಾಟಲಿ ಯಂತ್ರವನ್ನು ರೂಪಿಸಿದ್ದು 1903ರ ಸುಮಾರಿಗೆ. ಗೆರೆ ಬಾಯಿಗಿಂತ ಕೆಳಗೇ ನಿಂತಿದ್ದರೆ ಬಾಯಿಯನ್ನು ಕುಶಲಕರ್ಮಿಯೊಬ್ಬರು ಕೈಯಿಂದ ಮುಗಿಸಿದ್ದಾರೆ ಎಂದರ್ಥ. ತಳದ ಮಧ್ಯದಲ್ಲಿ ಒರಟಾದ ವೃತ್ತಾಕಾರದ ಗಾಯವಿದ್ದರೆ ಅದು ಬಿಸಿ ಬಾಟಲಿಯನ್ನು ಹಿಡಿದಿದ್ದ ಕಬ್ಬಿಣದ ಸಲಾಕೆಯ ಗುರುತಾಗಿರುವ ಸಾಧ್ಯತೆ ಹೆಚ್ಚು, ಮತ್ತು ಅಂಥವು ಬಹುಮಟ್ಟಿಗೆ 1860ರ ದಶಕಕ್ಕಿಂತ ಹಿಂದಿನವು.

ಅಕ್ಷರಗಳ ಮಹತ್ವಕ್ಕೆ ಒಂದೇ ಉದಾಹರಣೆ ಕೊಡುತ್ತೇನೆ. ನನ್ನ ಸಂಗ್ರಹದ ಒಂದು ಬಿಳಿ ಚೂರಿನ ಮೇಲೆ ‘ಫರ್ಬಿಡ್ಸ್’ ಎಂಬ ಇಂಗ್ಲಿಷ್ ಪದದ ನಾಲ್ಕು ಅಕ್ಷರಗಳು ಮಾತ್ರ ಉಳಿದಿವೆ. ಈ ಬಾಟಲಿಯನ್ನು ಮಾರುವುದನ್ನಾಗಲಿ ಮರುಬಳಸುವುದನ್ನಾಗಲಿ ಸಂಯುಕ್ತ ಸರ್ಕಾರದ ಕಾನೂನು ನಿಷೇಧಿಸುತ್ತದೆ ಎಂಬ ಒಕ್ಕಣೆಯನ್ನು ಅಮೆರಿಕದ ಮದ್ಯದ ಬಾಟಲಿಗಳ ಮೇಲೆ 1935ರಿಂದ 1964ರವರೆಗೆ ಕಡ್ಡಾಯವಾಗಿ ಅಚ್ಚೊತ್ತಬೇಕಾಗಿತ್ತು. ನಾಲ್ಕು ಅಕ್ಷರಗಳಿಂದ ಆ ಚೂರಿನ ದೇಶ, ಬಳಕೆ ಮತ್ತು ಕಾಲ ಮೂರೂ ನನಗೆ ತಿಳಿದವು. ನಿಮ್ಮ ಚೂರುಗಳ ಮೇಲೆ ಅರ್ಧ ಅಕ್ಷರವಿದ್ದರೂ ಅದನ್ನು ಕಾಗದದ ಮೇಲೆ ಪೆನ್ಸಿಲಿನಿಂದ ಉಜ್ಜಿ ಪಡಿಯಚ್ಚು ತೆಗೆದಿಟ್ಟುಕೊಳ್ಳಿ.

ತೆರೆಸಾಲು:

ಇಷ್ಟು ವಿವರವಾದ ಉತ್ತರಗಳಿಗೆ ಹೃತ್ಪೂರ್ವಕ ಧನ್ಯವಾದಗಳು. ನಿನ್ನೆ ರಾತ್ರಿ ದೀಪ ಆರಿಸಿ ಪರೀಕ್ಷಿಸಿದೆ. ಏಳು ಕಪ್ಪು ಚೂರುಗಳಲ್ಲಿ ಮೂರು ಕಲ್ಲುಗಳೇ. ಎರಡು ಹಗುರವಾಗಿ, ತೂತು ತೂತಾಗಿದ್ದು, ಕುಲುಮೆಯ ಕಿಟ್ಟದಂತೆ ಕಾಣುತ್ತವೆ. ಉಳಿದ ಎರಡರಲ್ಲಿ ಮಾತ್ರ ಅಂಚಿಗೆ ಎಣ್ಣೆಯಂಥ ಕಡುಹಸಿರು ಹೊತ್ತಿಕೊಂಡಿತು. ಒಂದರೊಳಗೆ ಉದ್ದಕ್ಕೆ ಎಳೆದಂತಿರುವ ಗಾಳಿಗುಳ್ಳೆಯೂ ಇದೆ. ಒಂಬತ್ತು ವರ್ಷ ಕಲ್ಲೆಂದು ತಿಳಿದು ಜಾಡಿಯ ತಳಕ್ಕೆ ತಳ್ಳಿದ್ದ ಚೂರು ಅದು. ಆ ಬೆಳಕನ್ನು ನೋಡುತ್ತ ಬಹಳ ಹೊತ್ತು ಕುಳಿತಿದ್ದೆ.

ಉಡುಗೊರೆಯ ಚೂರುಗಳ ಬಗ್ಗೆ ಅನುಮಾನ ನಿಜವಾಯಿತು. ಭೂತಗನ್ನಡಿಯಲ್ಲಿ ಅರ್ಧಚಂದ್ರದ ಗುರುತುಗಳು ಒಂದರ ಮೇಲೂ ಇಲ್ಲ. ಅವುಗಳ ನಡುವೆ ಬಿದ್ದಿದ್ದ ಒಂದು ಕೆಂಪು ಚೂರಿನ ಮೇಲೆ ಮಾತ್ರ ಅಂಥ ಗುರುತುಗಳು ತುಂಬಿವೆ. ಅದು ನನ್ನದೇ ಆರಿಕೆಯಾಗಿರಬೇಕು. ಕೆಂಪು ಅಪರೂಪವೆಂದು ಕೇಳಿದ್ದೇನೆ. ಅದು ಎಲ್ಲಿಂದ ಬಂದಿರಬಹುದು?

ಹಳೆಬಾಟಲಿ:

ಆ ಎರಡು ಹಸಿರು ಅಂಚುಗಳಿಗಾಗಿ ನಿಮ್ಮಷ್ಟೇ ಸಂತೋಷ ನನಗೂ ಆಗಿದೆ.

ಯಾವ ಬಣ್ಣ ಅಪರೂಪ ಎಂಬುದು, ಆ ಬಣ್ಣದ ಗಾಜನ್ನು ಜನ ಎಷ್ಟು ಬಳಸಿದರು ಎಂಬುದರ ಮೇಲೆ ನಿಂತಿದೆ. ಬಿಳಿ, ಹಸಿರು, ಕಂದು ಬಾಟಲಿಗಳು ಲೆಕ್ಕವಿಲ್ಲದಷ್ಟು ತಯಾರಾದವು, ಆದ್ದರಿಂದ ಅವೇ ಹೆಚ್ಚು. ಕೋಬಾಲ್ಟಿನಿಂದ ಬರುವ ಕಡುನೀಲಿಯನ್ನು ಔಷಧಿ ಮತ್ತು ವಿಷದ ಬಾಟಲಿಗಳಿಗೆ ಬಳಸುತ್ತಿದ್ದರು. ವಿಷದ ಬಾಟಲಿಗಳ ಮೈಮೇಲೆ, ಕತ್ತಲಲ್ಲಿ ಮುಟ್ಟಿದರೂ ಗೊತ್ತಾಗಲಿ ಎಂದು, ಉಬ್ಬುಗೆರೆಗಳನ್ನೂ ಹಾಕುತ್ತಿದ್ದರು. ಕೆಂಪು ಬರಬೇಕಾದರೆ ಚಿನ್ನ, ತಾಮ್ರ ಅಥವಾ ಸೆಲೆನಿಯಂ ಬೇಕು. ಖರ್ಚು ಹೆಚ್ಚು, ಹದ ತಪ್ಪುವುದು ಸುಲಭ. ಹಾಗಾಗಿ ಕೆಂಪು ಗಾಜನ್ನು ಅಲಂಕಾರದ ಪಾತ್ರೆ, ವಾಹನಗಳ ಹಿಂದಿನ ದೀಪ, ಹಡಗಿನ ಎಡಬದಿಯ ದೀಪ ಮುಂತಾದವುಗಳಿಗೆ ಮೀಸಲಿಟ್ಟರು. ಅಮೆರಿಕದ ಆಂಕರ್ ಹಾಕಿಂಗ್ ಕಂಪನಿ ಷ್ಲಿಟ್ಜ್ ಬಿಯರಿಗಾಗಿ 1950ರ ಸುಮಾರಿನಲ್ಲಿ ಕೆಂಪು ಬಾಟಲಿಗಳನ್ನು ತಯಾರಿಸಿದ್ದುಂಟು. ನಿಮ್ಮ ಚೂರು ಚಪ್ಪಟೆಯಾಗಿದ್ದು, ಒಂದು ಮುಖದಲ್ಲಿ ಒತ್ತೊತ್ತಾಗಿ ಚೌಕುಳಿ ಅಥವಾ ಗೆರೆಗಳ ಗುರುತು ಉಳಿದಿದ್ದರೆ ದೀಪದ ಗಾಜಿರಬಹುದು. ಬಾಗಿದ್ದು ತೆಳುವಾಗಿದ್ದರೆ ಪಾತ್ರೆ. ಕಿತ್ತಳೆ ಇದಕ್ಕಿಂತಲೂ ಅಪರೂಪ. ಹೆಚ್ಚಿನವರು ಅದನ್ನೇ ಮೊದಲ ಸ್ಥಾನದಲ್ಲಿ ಇಡುತ್ತಾರೆ.

ಇನ್ನೊಂದು ಪರೀಕ್ಷೆ ಬಾಕಿ ಇದೆ. ನೇರಳಾತೀತ ಟಾರ್ಚ್ ಇದ್ದರೆ ತೆಳುಹಸಿರು ಮತ್ತು ಹಳದಿ ಚೂರುಗಳ ಮೇಲೆ ಕತ್ತಲಲ್ಲಿ ಹಾಯಿಸಿ. ಹೊಳೆಯುವ ಹಸಿರು ಬೆಳಕು ಉಕ್ಕಿದರೆ ಅದು ಯುರೇನಿಯಂ ಬೆರೆಸಿದ ಗಾಜು. 1830ರ ದಶಕದಿಂದ ಬೊಹೀಮಿಯಾದ (ಇಂದಿನ ಚೆಕ್ ಗಣರಾಜ್ಯದ ಭಾಗ) ಗಾಜಿನ ಕೆಲಸಗಾರರು ಅದನ್ನು ಪ್ರಚಾರಕ್ಕೆ ತಂದರು. ಮ್ಯಾಂಗನೀಸ್ ಇರುವ ಗಾಜೂ ಹಸಿರಾಗಿ ಮಿನುಗುತ್ತದೆ, ಆದರೆ ಆ ಮಿನುಗು ಮಂಕಾದದ್ದು. ಎರಡನ್ನೂ ಒಮ್ಮೆ ಕಂಡವರಿಗೆ ಮತ್ತೆ ಗೊಂದಲವಾಗುವುದಿಲ್ಲ.

ಬರಿಗಾಲು:

ಈ ಚರ್ಚೆಯನ್ನು ಆಸಕ್ತಿಯಿಂದ ಓದುತ್ತಿದ್ದೇನೆ. ಗುರುತಿಸುವುದರ ಜೊತೆಗೆ, ಎಲ್ಲಿಂದ ತರಬಹುದು, ಎಲ್ಲಿಂದ ತರಬಾರದು ಎಂಬುದನ್ನೂ ಇಲ್ಲಿ ಹೇಳಬೇಕು ಎಂದು ನನಗೆ ತೋರುತ್ತದೆ.

ಕ್ಯಾಲಿಫೋರ್ನಿಯಾದ ಫೋರ್ಟ್ ಬ್ರ್ಯಾಗ್ ಪಟ್ಟಣದವರು 1906ರಿಂದ 1967ರವರೆಗೆ ಊರಿನ ಕಸವನ್ನು ಸಮುದ್ರದ ಅಂಚಿನ ಬಂಡೆಗಳ ಮೇಲಿಂದ ಕೆಳಕ್ಕೆ ಸುರಿಯುತ್ತಿದ್ದರು. ಒಂದು ಜಾಗ ತುಂಬಿದ ಮೇಲೆ ಇನ್ನೊಂದಕ್ಕೆ ಹೋದರು. ಹೀಗೆ ಮೂರು ಜಾಗಗಳಾದವು. ಕಬ್ಬಿಣ ತುಕ್ಕು ಹಿಡಿದು ಹೋಯಿತು, ದೊಡ್ಡ ಕಸವನ್ನು ಆಮೇಲೆ ತೆಗೆಸಿದರು, ಗಾಜು ಮಾತ್ರ ಉಳಿದು ಗ್ಲಾಸ್ ಬೀಚ್ ಎಂಬ ಹೆಸರೇ ಬಂತು. ಅದರ ಒಂದು ಭಾಗ 2002ರಲ್ಲಿ ಮೆಕೆರಿಚರ್ ರಾಜ್ಯ ಉದ್ಯಾನಕ್ಕೆ ಸೇರಿತು, ಮತ್ತು ಉದ್ಯಾನದೊಳಗೆ ಗಾಜನ್ನು ಆರಿಸಿಕೊಂಡು ಹೋಗುವುದು ನಿಷಿದ್ಧ. ಆದರೂ ಬಂದವರೆಲ್ಲ ಒಂದೊಂದು ಹಿಡಿ ಒಯ್ದದ್ದರಿಂದ ಒಂದು ಕಾಲದಲ್ಲಿ ದಪ್ಪಗೆ ಹಾಸಿದ್ದ ಗಾಜು ಇಂದು ತುಂಬ ತೆಳುವಾಗಿದೆ. ಇಂಗ್ಲೆಂಡಿನ ಸೀಹ್ಯಾಮ್‌ನ ಕಥೆ ಬೇರೆ: ಅಲ್ಲಿ 1850ರ ದಶಕದಿಂದ 1921ರವರೆಗೆ ದೊಡ್ಡ ಬಾಟಲಿ ಕಾರ್ಖಾನೆಯಿತ್ತು, ಅದರ ಉಳಿಕೆ ಗಾಜು ಸಮುದ್ರ ಸೇರುತ್ತಿತ್ತು. ಎರಡು ಮೂರು ಬಣ್ಣದ ಗಾಜು ಒಂದರಲ್ಲೊಂದು ಸುತ್ತಿಕೊಂಡಿರುವ ಚೂರುಗಳಿಗೆ ಆ ದಂಡೆ ಹೆಸರಾಗಿದೆ. ನೂರು ವರ್ಷಗಳ ಹಿಂದೆ ನಿಂತುಹೋದ ಕಾರ್ಖಾನೆಯ ಗಾಜನ್ನು ಜನ ಇವತ್ತಿಗೂ ಆರಿಸುತ್ತಿದ್ದಾರೆ. ಆದರೆ ಅಲ್ಲಿಗೆ ಹೊಸದಾಗಿ ಗಾಜು ಬಂದು ಸೇರುತ್ತಿಲ್ಲ.

ನಿಯಮಗಳು ಜಾಗದಿಂದ ಜಾಗಕ್ಕೆ ಬೇರೆಯಾಗುತ್ತವೆ. ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ ದಂಡೆಯ ಮರಳು, ಉರುಟುಕಲ್ಲು, ಚಿಪ್ಪುಗಳನ್ನು ಒಯ್ದವರಿಗೆ 500ರಿಂದ 3,000 ಯೂರೋವರೆಗೆ ದಂಡ ವಿಧಿಸುವ ಕಾನೂನು 2017ರಲ್ಲಿ ಬಂತು. ಲಂಡನ್ನಿನಲ್ಲಿ ಥೇಮ್ಸ್ ನದಿಯ ಇಳಿತದ ಕೆಸರಿನಲ್ಲಿ ಹುಡುಕಬೇಕಾದರೆ ಬಂದರು ಪ್ರಾಧಿಕಾರದ ಪರವಾನಗಿ ಬೇಕು, ಮುನ್ನೂರು ವರ್ಷಕ್ಕಿಂತ ಹಳೆಯದೆಂದು ತೋರುವ ವಸ್ತು ಸಿಕ್ಕರೆ ವಸ್ತುಸಂಗ್ರಹಾಲಯಕ್ಕೆ ತಿಳಿಸಬೇಕು. ಹೋಗುವ ಮೊದಲು ಆ ದಂಡೆಯ ನಿಯಮವನ್ನು ಕೇಳಿ ತಿಳಿಯುವುದು ಹವ್ಯಾಸಿಯ ಮೊದಲ ಕೆಲಸ.

ಸಾಣೆಚಕ್ರ:

ನಾನು ಯಂತ್ರದ ಪೀಪಾಯಿಯಲ್ಲಿ ಗಾಜನ್ನು ಉರುಳಿಸಿ ಕಿವಿಯೋಲೆ ಮಾಡುವವರಲ್ಲಿ ಒಬ್ಬಳು. ಮೇಲಿನ ಮಾತುಗಳನ್ನು ಓದಿದಾಗ ನಾವೆಲ್ಲ ಮೋಸಗಾರರೆಂಬ ಭಾವನೆ ಓದುಗರಿಗೆ ಬರಬಹುದೆಂದು ಅನ್ನಿಸಿದ್ದರಿಂದ ಬರೆಯುತ್ತಿದ್ದೇನೆ. ಒಡೆದ ಬಾಟಲಿಯನ್ನು ಕಸಕ್ಕೆ ಹಾಕುವ ಬದಲು ಆಭರಣವಾಗಿಸುವುದರಲ್ಲಿ ತಪ್ಪಿಲ್ಲ. ಅದನ್ನು ಕಡಲಗಾಜೆಂದು ಕರೆಯುವುದು ಮಾತ್ರ ತಪ್ಪು. ನಾನು ಕೊಡುವ ಪ್ರತಿಯೊಂದು ಜೋಡಿಯ ಜೊತೆಗೂ ಇದು ಯಂತ್ರದಲ್ಲಿ ಉರುಳಿಸಿದ ಗಾಜು ಎಂಬ ಚೀಟಿ ಇರುತ್ತದೆ. ಬೇಡಿಕೆಯ ಒಂದಿಷ್ಟು ಪಾಲನ್ನು ಇದು ಪೂರೈಸಿದರೆ ದಂಡೆಗಳ ಮೇಲಿನ ಒತ್ತಡ ಕಡಿಮೆಯಾಗುತ್ತದೆ ಎಂಬುದು ನನ್ನ ನಂಬಿಕೆ.

ಬೆಣಚುಕಲ್ಲು:

ಸಾಣೆಚಕ್ರ ಅವರ ಮಾತನ್ನು ಪೂರ್ಣವಾಗಿ ಒಪ್ಪುತ್ತೇನೆ. ನನ್ನ ಬರಹದಲ್ಲಿ ಆ ಭೇದವನ್ನು ಸ್ಪಷ್ಟವಾಗಿ ಹೇಳಬೇಕಾಗಿತ್ತು.

ತೆರೆಸಾಲು:

ಇನ್ನೊಂದು ಗೊಂದಲವಿದೆ. ಜಾಡಿಯಲ್ಲಿ ಸುಮಾರು ಅರವತ್ತು ಚೂರುಗಳು ಅರ್ಧಂಬರ್ಧ ಸವೆದವು. ಮೇಲ್ಮೈ ಹೊಳಪಾಗಿದೆ, ಅಂಚು ಇನ್ನೂ ಕೈಗೆ ತಾಗುತ್ತದೆ. ಅವುಗಳನ್ನು ಸಮುದ್ರಕ್ಕೆ ಮರಳಿಸಿದರೆ ಮುಂದೆಂದೋ ಯಾರಿಗಾದರೂ ಚೆನ್ನಾದ ಕಡಲಗಾಜಾಗಿ ಸಿಗುವುದಿಲ್ಲವೇ?

ನಸುಕಿನ ಇಳಿತ:

ಬಹಳಷ್ಟು ಜನ ಹಾಗೆಯೇ ಮಾಡುತ್ತಾರೆ. ಇಳಿತದ ಹೊತ್ತಿನಲ್ಲಿ, ಯಾರೂ ಈಜದ ಬಂಡೆಗಳ ಕಡೆ, ಆಳಕ್ಕೆ ಎಸೆದುಬಿಡುತ್ತಾರೆ. ನಾನೂ ಮೊದಲು ಹಾಗೆ ಮಾಡುತ್ತಿದ್ದೆ, ಮತ್ತು ಅದರಲ್ಲಿ ತಪ್ಪು ಕಂಡಿರಲಿಲ್ಲ. ಎಲ್ಲಿ ಆರಿಸಿದೆವೋ ಅಲ್ಲಿಗೇ ಬಿಟ್ಟಂತಾಯಿತಲ್ಲ.

ಬರಿಗಾಲು:

ಈ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ವಲ್ಪ ಕಠಿಣವಾಗಿದೆ, ಕ್ಷಮಿಸಿ. ಕೈಯಲ್ಲಿ ಹಿಡಿದ ಹರಿತವಾದ ಗಾಜನ್ನು ಮತ್ತೆ ನೀರಿಗೆ ಎಸೆಯುವುದೆಂದರೆ ಕಸ ಎಸೆಯುವುದೇ. ಅದು ಸವೆಯುವಷ್ಟು ಕಾಲ ಎಲ್ಲಿರುತ್ತದೆ, ಯಾರ ಪಾದಕ್ಕೆ ಚುಚ್ಚುತ್ತದೆ ಎಂಬುದನ್ನು ಎಸೆದವರು ತಿಳಿಯಲಾರರು. ಹತ್ತು ವರ್ಷದ ಹುಡುಗನಾಗಿದ್ದಾಗ ನನ್ನ ಅಂಗಾಲಿಗೆ ಹೊಕ್ಕ ಗಾಜನ್ನು ತೆಗೆಯಲು ನಾಲ್ಕು ಹೊಲಿಗೆ ಬೇಕಾಯಿತು. ಇಲ್ಲಿ ನಾನು ಇಟ್ಟುಕೊಂಡ ಹೆಸರು ಅದರ ನೆನಪಿಗೇ. ಒಡೆದ ಹೊಸ ಗಾಜು ಸಿಕ್ಕರೆ ಗಟ್ಟಿ ಡಬ್ಬಿಯಲ್ಲಿ ಹಾಕಿಕೊಂಡು ಬಂದು ಗಾಜಿನ ಮರುಬಳಕೆಗೆ ಕೊಡುವುದೇ ಸರಿ. ಗಾಜನ್ನು ಮತ್ತೆ ಮತ್ತೆ ಕರಗಿಸಿದರೂ ಅದರ ಗುಣ ಕೆಡುವುದಿಲ್ಲ, ಕುಲುಮೆಯಲ್ಲಿ ಅದಕ್ಕೆ ಇನ್ನೊಂದು ಜನ್ಮವಿದೆ.

ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಮುಂದಿನವರಿಗೆ ಸಿಗಲೆಂದು ಬೇಕೆಂದೇ ಬಾಟಲಿ ಒಡೆದು ಸಮುದ್ರಕ್ಕೆ ಸುರಿಯುವವರೂ ಇದ್ದಾರೆ. ಅದನ್ನು ಸಮರ್ಥಿಸಲು ನನಗೆ ಯಾವ ಕಾರಣವೂ ಕಾಣುವುದಿಲ್ಲ.

ನಸುಕಿನ ಇಳಿತ:

ಆಗಲಿ, ಒಪ್ಪಿದೆ. ಪೂರ್ತಿ ಹರಿತವಾದದ್ದನ್ನು ಹಿಂದಕ್ಕೆ ಎಸೆಯುವುದನ್ನು ನಾನು ಈಗಾಗಲೇ ಬಿಟ್ಟಿದ್ದೇನೆ. ಅಂಚು ಉರುಟಾಗಿ, ಮೇಲ್ಮೈ ಮಾತ್ರ ಇನ್ನೂ ಹೊಳಪಿರುವ ಚೂರನ್ನು ಆರಿಸದೆ ಅಲ್ಲೇ ಬಿಟ್ಟುಬರುವುದಕ್ಕೆ ನಿಮ್ಮ ಆಕ್ಷೇಪವಿರಲಾರದು ಎಂದುಕೊಳ್ಳುತ್ತೇನೆ. ತೆರೆಸಾಲು ಅವರ ಅರವತ್ತು ಚೂರುಗಳ ವಿಷಯದಲ್ಲಿ ಇನ್ನೊಂದು ತೊಡಕೂ ಇದೆ. ಯಾವುದು ಯಾವ ದಂಡೆಯದೆಂದು ಗೊತ್ತಿಲ್ಲದಿರುವಾಗ ಎಲ್ಲಿಗೆ ಮರಳಿಸುತ್ತೀರಿ? ಒಂದು ದಂಡೆಯ ಗಾಜನ್ನು ಇನ್ನೊಂದರಲ್ಲಿ ಬಿಟ್ಟರೆ ಮುಂದೆ ಅದನ್ನು ಆರಿಸುವ ಹಳೆಬಾಟಲಿ ಅವರಂಥವರು ಅದರಿಂದ ತಪ್ಪು ಇತಿಹಾಸ ಓದುತ್ತಾರೆ.

ಈ ಮಾತಿನ ಎಳೆ ಹಿಡಿದು ಹುಡುಕುವ ಕ್ರಮದ ಬಗ್ಗೆಯೂ ಎರಡು ಮಾತು ಬರೆಯುತ್ತೇನೆ, ಏಕೆಂದರೆ ಮುಂದಿನ ಆರಿಕೆಯಾದರೂ ದಾಖಲೆಯೊಂದಿಗೆ ಆಗಬೇಕು. ಬರೀ ಮರಳಿನ ದಂಡೆಯಲ್ಲಿ ಅಲೆಯುವುದಕ್ಕಿಂತ ಉರುಟುಕಲ್ಲು ಮತ್ತು ಜಲ್ಲಿಯ ಪಟ್ಟಿಗಳಿರುವ ದಂಡೆಯನ್ನು ಆರಿಸಿಕೊಳ್ಳಿ. ನೀರು ಗಾಜನ್ನೂ ಅದೇ ತೂಕ, ಅದೇ ಗಾತ್ರದ ಕಲ್ಲುಗಳನ್ನೂ ಒಂದೇ ಕಡೆ ತಂದು ಹಾಕುತ್ತದೆ. ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಕಲ್ಲುಗಳು ಸಾಲಾಗಿ ಬಿದ್ದಿರುವ ಕಡೆ ಅಷ್ಟೇ ದೊಡ್ಡ ಗಾಜಿಗಾಗಿ ನೋಡಬೇಕು. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರವೂ ಇಳಿತವೂ ಹೆಚ್ಚಾಗುವುದರಿಂದ ಉಳಿದ ದಿನ ನೀರಿನಡಿ ಇರುವ ಜಾಗಗಳು ಆಗ ತೆರೆದುಕೊಳ್ಳುತ್ತವೆ. ಇಳಿತ ಪೂರ್ತಿಯಾಗುವುದಕ್ಕೆ ಒಂದೂವರೆ ಗಂಟೆ ಮೊದಲೇ ಹೋಗಿ, ಇಳಿಯುವ ನೀರಿನ ಹಿಂದೆಯೇ ನಡೆಯಿರಿ. ಬಿರುಗಾಳಿಯ ತೆರೆಗಳು ದಂಡೆಯನ್ನು ಬಗೆದು ಹೋದ ಮರುದಿನಗಳಲ್ಲಿ, ಸಮುದ್ರ ಶಾಂತವಾದ ಮೇಲೆ, ಹಳೆಯ ಪದರದ ಗಾಜು ಮೇಲೆ ಬರುತ್ತದೆ.

ಬೆಳಕಿನ ವಿಷಯದಲ್ಲಿ ನನ್ನ ಅನುಭವ ಇಷ್ಟು: ಸೂರ್ಯ ಕೆಳಗಿರುವಾಗ ಅವನಿಗೆ ಎದುರಾಗಿ ನಡೆದರೆ ಬೆಳಕು ಗಾಜಿನೊಳಗಿಂದ ಹಾದುಬಂದು ಚೂರು ಹಣತೆಯಂತೆ ಹೊತ್ತಿಕೊಳ್ಳುತ್ತದೆ, ಪಕ್ಕದ ಕಲ್ಲು ಕಪ್ಪಾಗಿಯೇ ಇರುತ್ತದೆ. ಒಣಗಿದ ಜಾಗದಲ್ಲಾದರೆ ಸೂರ್ಯನಿಗೆ ಬೆನ್ನು ಹಾಕಿ, ಬೂದಿ ಬಳಿದಂತೆ ಮಸುಕಾದ ಮೇಲ್ಮೈಗಾಗಿ ನೋಡಬೇಕು. ನೀರಿನ ಅಂಚಿನಲ್ಲಿ ಮಾತ್ರ ತಲೆ ತಗ್ಗಿಸಿಕೊಂಡು ಸಮುದ್ರಕ್ಕೆ ಬೆನ್ನು ಹಾಕಿ ಕುಳಿತುಕೊಳ್ಳಬೇಡಿ. ಎತ್ತರದ ಬಂಡೆಗಳ ಬುಡದಲ್ಲಿ ಹುಡುಕುವವರು ಉಬ್ಬರ ತಿರುಗುವ ಹೊತ್ತನ್ನು ಮೊದಲೇ ತಿಳಿದು, ಹಿಂದಿರುಗುವ ದಾರಿ ಮುಳುಗುವ ಮುಂಚೆ ಹೊರಡಬೇಕು. ಒಂದು ಉಬ್ಬರದಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 12 ಗಂಟೆ 25 ನಿಮಿಷ ಹಿಡಿಯುವುದರಿಂದ ಹೊತ್ತು ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಹೋಗುತ್ತದೆ. ನಿನ್ನೆಯ ಲೆಕ್ಕ ಇವತ್ತಿಗೆ ನಡೆಯದು.

ಸಾಣೆಚಕ್ರ:

ತೊಳೆಯುವ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಸೇರಿಸುತ್ತೇನೆ. ಸಿಹಿನೀರಿನಲ್ಲಿ ಒಂದು ದಿನ ನೆನೆಹಾಕಿ, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಬಿಳಿ ಚಿಪ್ಪಿನ ತೊಗಟೆ ಅಂಟಿದ್ದರೆ ವಿನೆಗರ್ ಅದನ್ನು ಕರಗಿಸುತ್ತದೆ. ಹೊಳಪು ಬರಲೆಂದು ಎಣ್ಣೆ ಸವರುವ ಅಭ್ಯಾಸ ಕೆಲವರಿಗಿದೆ. ಅದರಿಂದ ಮಂಜಿನ ನೋಟ ಮುಚ್ಚಿಹೋಗಿ, ಅರ್ಧಚಂದ್ರದ ಗುರುತುಗಳೂ ಕಾಣದಂತಾಗುತ್ತವೆ. ತೂತು ಕೊರೆಯುವುದಾದರೆ ವಜ್ರದ ತುದಿಯ ಬೈರಿಗೆಯನ್ನು ಬಳಸಿ, ಚೂರನ್ನು ನೀರಿನಲ್ಲಿ ಮುಳುಗಿಸಿಯೇ ಕೊರೆಯಿರಿ. ಒಣಗಿದ್ದಾಗ ಕೊರೆದರೆ ಗಾಜು ಬಿಸಿಯಾಗಿ ಸೀಳುತ್ತದೆ, ಮೇಲಾಗಿ ಏಳುವ ಗಾಜಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಅಕ್ಷರಗಳಿರುವ ಚೂರನ್ನು ಕೊರೆಯಲು ನನ್ನಲ್ಲಿಗೆ ತಂದವರಿಗೆ ನಾನು ಬೇಡವೆಂದೇ ಹೇಳುತ್ತೇನೆ. ಅದಕ್ಕೆ ತಂತಿ ಸುತ್ತಿ ಕಟ್ಟಬಹುದು.

ಹಳೆಬಾಟಲಿ:

ದಾಖಲೆಯ ಬಗ್ಗೆ ನಾನು ಪಾಲಿಸುವ ಕ್ರಮವನ್ನು ತಿಳಿಸುತ್ತೇನೆ. ಒಂದು ದಂಡೆಯ ಒಂದು ದಿನದ ಆರಿಕೆಗೆ ಒಂದು ಸಣ್ಣ ಡಬ್ಬಿ, ಅದರೊಳಗೆ ಪೆನ್ಸಿಲಿನಿಂದ ಬರೆದ ಒಂದು ಚೀಟಿ. ಶಾಯಿ ತೇವಕ್ಕೆ ಹರಡುತ್ತದೆ. ದಂಡೆಯ ಹೆಸರು, ದಿನಾಂಕ, ಇಳಿತದ ಹೊತ್ತು, ಗಾಜು ಕಲ್ಲಿನ ಸಾಲಿನಲ್ಲಿ ಸಿಕ್ಕಿತೋ ಬಂಡೆಯ ಸಂದಿನಲ್ಲೋ ಎಂಬುದು, ಇಷ್ಟು ಸಾಕು. ಇದರ ಪ್ರಯೋಜನ ಮೂರು ನಾಲ್ಕು ವರ್ಷ ಕಳೆದ ಮೇಲೆ ತಿಳಿಯುತ್ತದೆ. ನಾನು ಮತ್ತೆ ಮತ್ತೆ ಹೋಗುವ ಒಂದು ದಂಡೆಯ ಡಬ್ಬಿಗಳನ್ನು ಸಾಲಾಗಿ ಇಟ್ಟು ನೋಡಿದಾಗ, ದಂಡೆಯ ಉತ್ತರದ ತುದಿಯಲ್ಲಿ ಮಾತ್ರ ಕಪ್ಪು ಗಾಜೂ ನೀಲಿ ಚಿತ್ತಾರದ ಪಿಂಗಾಣಿ ಚೂರುಗಳೂ ಜೊತೆಯಾಗಿ ಸಿಗುತ್ತಿರುವುದು ಗೊತ್ತಾಯಿತು. ಎರಡನ್ನೂ ಒಂದೇ ಜಾಡಿಗೆ ಹಾಕಿದ್ದರೆ, ಅಲ್ಲಿ ಹಿಂದೊಮ್ಮೆ ಹಡಗುಗಳು ತಂಗುತ್ತಿದ್ದ ಜಾಗವಿದ್ದಿರಬಹುದೆಂಬ ಯೋಚನೆಯೇ ನನಗೆ ಬರುತ್ತಿರಲಿಲ್ಲ.

ಗಾಜಿನ ಬಾಟಲಿಗಳ ಕಾಲ ನಮ್ಮ ಕಣ್ಣೆದುರೇ ಸರಿದುಹೋಗುತ್ತಿರುವುದರಿಂದ ಇದಕ್ಕೆ ಬೆಲೆ ಇನ್ನೂ ಹೆಚ್ಚು. ಪೆಟ್ ಪ್ಲಾಸ್ಟಿಕ್ ಬಾಟಲಿಗೆ 1973ರಲ್ಲಿ ಪೇಟೆಂಟ್ ದೊರೆಯಿತು; ಆಮೇಲೆ ತಂಪುಪಾನೀಯ, ಎಣ್ಣೆ, ಔಷಧಿ ಒಂದೊಂದಾಗಿ ಪ್ಲಾಸ್ಟಿಕ್ಕಿಗೆ ಹೋದವು. ಕಂಠದಲ್ಲಿ ಗೋಲಿ ಕುಳಿತಿರುವ ಸೋಡಾ ಬಾಟಲಿಯನ್ನು ಹಿರಮ್ ಕಾಡ್ ಎಂಬ ಇಂಗ್ಲಿಷ್ ಎಂಜಿನಿಯರ್ 1870ರ ದಶಕದ ಆರಂಭದಲ್ಲಿ ರೂಪಿಸಿದರು. ಆ ಬಾಟಲಿಗಳು ಒಡೆದು ಹೊರಬಿದ್ದ ಗೋಲಿಗಳು ಮಂಜು ಹಿಡಿದು ಇವತ್ತಿಗೂ ಕೆಲವು ದಂಡೆಗಳಲ್ಲಿ ಸಿಗುತ್ತವೆ. ನಿಮ್ಮ ಜಾಡಿಯಲ್ಲಿ ಪೂರ್ತಿ ದುಂಡಗಿನ ಹಸಿರು ಗೋಲಿ ಇದೆಯೇ ಎಂದು ಕೇಳಲು ಮರೆತಿದ್ದೆ.

ತೆರೆಸಾಲು:

ಗೋಲಿ ಇಲ್ಲ. ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು!

ಎರಡು ವಾರದ ಕೆಲಸ ನಿನ್ನೆ ಮುಗಿಯಿತು. ಉಡುಗೊರೆಯ ಇಪ್ಪತ್ತಾರು ಚೂರುಗಳನ್ನು, ಕೊಟ್ಟವರ ಪ್ರೀತಿ ಸುಳ್ಳಲ್ಲವಾದ್ದರಿಂದ, ಯಂತ್ರದ ಗಾಜು ಎಂಬ ಚೀಟಿಯೊಂದಿಗೆ ಬೇರೆ ಬಟ್ಟಲಿನಲ್ಲಿ ಕಿಟಕಿಯ ಬಳಿ ಇಟ್ಟಿದ್ದೇನೆ. ಹರಿತ ಅಂಚಿನವು ಮರುಬಳಕೆಗೆ ಹೋದವು. ಕೆಂಪು ಚೂರಿನ ಒಂದು ಮುಖದಲ್ಲಿ ಸಮಾನಾಂತರವಾದ ನಾಲ್ಕು ಗೆರೆಗಳ ಜಾಡು ಭೂತಗನ್ನಡಿಯಲ್ಲಿ ಕಂಡಿತು. ದೀಪದ ಗಾಜೆಂದು ಬರೆದು, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದೇನೆ. ನೇರಳೆಯ ಮೂರರಲ್ಲಿ ಎರಡು ಟಾರ್ಚಿಗೆ ಮಂಕಾಗಿ ಹಸಿರು ಮಿನುಗಿದವು, ಮೂರನೆಯದು ಏನನ್ನೂ ತೋರಲಿಲ್ಲ. ಜಾಗ ನೆನಪಿರುವ ಹದಿನೇಳು ಚೂರುಗಳಿಗೆ ಪ್ರತ್ಯೇಕ ಡಬ್ಬಿಗಳಾಗಿವೆ. ಉಳಿದವು ಸ್ಥಳ ತಿಳಿಯದು ಎಂಬ ಚೀಟಿ ಹೊತ್ತು ಹಳೆಯ ಜಾಡಿಗೇ ಮರಳಿವೆ. ಅದನ್ನು ಬರೆಯುವಾಗ ಮನಸ್ಸಿಗೆ ನೋವಾಯಿತು, ಆದರೆ ಊಹಿಸಿ ಬರೆಯುವುದು ಬೇಡವೆಂದು ನಿಶ್ಚಯಿಸಿದೆ.

ಇವತ್ತು ಬೆಳಿಗ್ಗೆ ಹುಣ್ಣಿಮೆಯ ಮರುದಿನದ ಇಳಿತಕ್ಕೆ ಹೋಗಿದ್ದೆ. ಎರಡು ಗಂಟೆಯಲ್ಲಿ ಸಿಕ್ಕಿದ್ದು ಒಂದೇ ಒಂದು, ಬಾಟಲಿಯ ಕಂಠದ ತುಂಡು. ಅಚ್ಚಿನ ಗೆರೆ ಬಾಯಿಗಿಂತ ಕೆಳಗೆ ನಿಂತಿದೆ. ದಂಡೆಯಲ್ಲೇ ಕುಳಿತು ಚೀಟಿ ಬರೆದೆ: ದಿನಾಂಕ, 6 ಗಂಟೆ 40 ನಿಮಿಷ, ಎರಡನೆಯ ಬಂಡೆಯ ದಕ್ಷಿಣಕ್ಕೆ, ಉರುಟುಕಲ್ಲಿನ ಸಾಲು, ತೆಳುಹಸಿರು, ಬಾಯಿ ಕೈಯಿಂದ ಮುಗಿಸಿದ್ದು.